ಕರ್ಚೀಫ್ ಹಾಕಿದವನದೇ ಹೆಸರು

ಏಪ್ರಿಲ್ 24ರ ಬೆಳಿಗ್ಗೆ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೋ ಬಂತು. "ವರನಟನಿಗೆ ಹುಟ್ಟುಹಬ್ಬದ ನಮನ" ಅಂತ ದಪ್ಪ ಅಕ್ಷರ. ಸುತ್ತ ಮಲ್ಲಿಗೆ ಹಾರ, ಮೂಲೆಯಲ್ಲಿ ಹಳದಿ ಕೆಂಪು ಬಾವುಟ. ನಡುವೆ ಇದ್ದ ಮುಖ ಮಾತ್ರ ಹಿಂದಿಯ ರಾಜ್‌ಕುಮಾರ್ ಅವರದು. ಒಂದು ಹುಬ್ಬು ಮೇಲೆ ಮಾಡಿ, ಇನ್ನೇನು 'ಜಾನಿ' ಅಂತಾರೆ ಅನ್ನುವ ಹಾಗೆ ನೋಡುತ್ತಿದ್ದರು.

ಕಳಿಸಿದವನು ಕಿರಣ. ಅಪ್ಪ ಅಮ್ಮ ಮಂಡ್ಯ ಕಡೆಯವರು. ಇವನು ಹುಟ್ಟಿ ಬೆಳೆದದ್ದು ಮುಂಬೈಯ ಮುಲುಂಡ್‌ನಲ್ಲಿ, ಕೆಲಸ ಪೊವಾಯಿಯ ಐಟಿ ಕಂಪನಿಯಲ್ಲಿ. ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ತೆಗೆದು ಅಂಟಿಸಿದ್ದ. ಗುಂಪಿನಲ್ಲಿ ಬೆಂಕಿ ಬಿತ್ತು. "ಅವತ್ತು ಸಚಿನ್ ಬರ್ತ್‌ಡೇನೂ ಹೌದು, ಅದರ ಗಡಿಬಿಡಿಯಲ್ಲಿ ಹೀಗಾಯ್ತು" ಅಂತ ಅವನು ಬರೆದದ್ದು ಬೆಂಕಿಗೆ ಸೀಮೆಎಣ್ಣೆ ಸುರಿದಂತಾಯಿತು. "ಭಾನುವಾರ ಮಾಟುಂಗಾಕ್ಕೆ ಬಾ, ವಿಚಾರಣೆ ಇದೆ" ಎಂದು ದೇಶಪಾಂಡೆ ಸರ್ ಸಮನ್ಸ್ ಕಳಿಸಿದರು.

ನಾವು ಸೇರುವುದು ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ. ಭಾನುವಾರ ಅಲ್ಲಿ ಟೇಬಲ್ ಬೇಕಾದರೆ ಹೊರಗೆ ಹೆಸರು ಬರೆಸಿ ಫುಟ್‌ಪಾತ್ ಮೇಲೆ ಕಾಯಬೇಕು. ಹೆಸರು ಕೂಗುವ ಹುಡುಗ "ಶೆಟ್ಟಿ, ಐದು ಜನ" ಅಂದ. ಮೂರು ಕುಟುಂಬ ಬಾಗಿಲಿಗೆ ನುಗ್ಗಿತು. ನಮ್ಮ ಶೆಟ್ರು ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿ, "ಮೊದಲು ಬರೆಸಿದ್ದು ನಾನು" ಎಂದು ಗುಡುಗಿದರು. ಶೆಟ್ರು ಹೀಗೆ ಗುಡುಗುವವರಲ್ಲ. ಕಾರ್ಕಳದಿಂದ ಬಂದು, ಘಾಟ್ಕೋಪರ್‌ನಲ್ಲಿ ಹೋಟೆಲ್ ನಡೆಸಿ, ಈಗ ಗಲ್ಲಾಪೆಟ್ಟಿಗೆ ಮಗನಿಗೆ ಬಿಟ್ಟುಕೊಟ್ಟ ತಣ್ಣಗಿನ ಮನುಷ್ಯ. ಅವತ್ತು ಮಾತ್ರ ಏನೋ ಕೊರೆಯುತ್ತಿತ್ತು.

ಕೂತ ಕೂಡಲೇ ಅವರೇ ತೀರ್ಪು ಕೊಟ್ಟರು. "ಇದರಲ್ಲಿ ಎಂತ ಜಗಳ ಮಾರಾಯ್ರೇ? ಲೋಕಲ್ ಟ್ರೈನಿನಲ್ಲಿ ಕರ್ಚೀಫ್ ಹಾಕಿದವನದ್ದು ಸೀಟು. ಹೆಸರೂ ಅಷ್ಟೇ. ಮೊದಲು ಬಂದವನದ್ದು. ಹಿಂದಿನಿಂದ ಬಂದವನು ಬೇರೆ ಹುಡುಕಿಕೊಳ್ಳಲಿ."

"ಹಾಗಾದರೆ ಅಣ್ಣಾವ್ರಿಗೆ ಸೀಟಿಲ್ಲ" ಅಂದರು ಸರೋಜಕ್ಕ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಇಸವಿಗಳೆಲ್ಲ ನಾಲಿಗೆ ತುದಿಯಲ್ಲೇ ಇರುತ್ತವೆ. "ಹಿಂದಿಯವರು ಮೊದಲ ಪಿಕ್ಚರ್ 'ರಂಗೀಲಿ' ಮಾಡಿದ್ದು 1952ರಲ್ಲಿ. ನಮ್ಮ 'ಬೇಡರ ಕಣ್ಣಪ್ಪ' 1954."

ಟೇಬಲ್ ಮೇಲೆ ಎರಡು ಕ್ಷಣ ಸದ್ದಿಲ್ಲ. ಶೆಟ್ರಿಗೂ ಇದು ಗೊತ್ತಿರಲಿಲ್ಲ. ರೂಲ್ ಮಾಡಿ ಐದು ನಿಮಿಷ ಆಗಿರಲಿಲ್ಲ, ಮೊದಲ ಏಟು ಅಣ್ಣಾವ್ರಿಗೇ ಬಿತ್ತು.

ದೇಶಪಾಂಡೆ ಸರ್ ಧಾರವಾಡದವರು. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದವರು. ಕಾಗದಪತ್ರ ನೋಡದೆ ಏನನ್ನೂ ಒಪ್ಪುವುದಿಲ್ಲ. "ನಿಲ್ರೀ. ಇಬ್ಬರದೂ ಹುಟ್ಟಿದ ಹೆಸರಲ್ಲ ಅದು. ಅವರು ಕುಲಭೂಷಣ ಪಂಡಿತ್, ಬಲೂಚಿಸ್ತಾನದ ಲೋರಾಲಾಯಿಯವರು. ಇದೇ ಮುಂಬೈ ಪೊಲೀಸಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದರು. ನಮ್ಮವರು ಗಾಜನೂರಿನ ಮುತ್ತುರಾಜ್. ರಾಜ್‌ಕುಮಾರ್ ಅಂತ ಹೆಸರಿಟ್ಟವರು ಎಚ್.ಎಲ್.ಎನ್. ಸಿಂಹ. ಸರಿ, ಕರ್ಚೀಫ್ ಹಾಕಿದ್ದು ಅವರೇ ಮೊದಲು. ಆದರೆ ಕೂತದ್ದು ಯಾವಾಗ? ಜನ ಅವರನ್ನು ಗುರುತಿಸಿದ್ದು 1957ರಲ್ಲಿ, 'ಮದರ್ ಇಂಡಿಯಾ' ಬಂದ ಮೇಲೆ. ಅಷ್ಟರಲ್ಲಿ ನಮ್ಮವರು ಶಿವನಿಗೆ ಕಣ್ಣು ಕಿತ್ತು ಕೊಟ್ಟು ಸೀಟಿನಲ್ಲಿ ಕೂತು ಮೂರು ವರ್ಷ ಆಗಿತ್ತು."

ಈ ವಾದಕ್ಕೆ ಚಪ್ಪಾಳೆ ಬಿತ್ತು. ಪಕ್ಕದ ಟೇಬಲಿನ ತಮಿಳು ಮಾಮ ತಿರುಗಿ ನೋಡಿದರು.

ಕಿರಣ ಮೆಲ್ಲಗೆ ಬಾಯಿ ಬಿಟ್ಟ. "ಅಂಕಲ್, ನಮ್ಮ ಆಫೀಸಲ್ಲಿ ರಾಜ್‌ಕುಮಾರ್ ಅಂದ್ರೆ ಇವರಿಬ್ಬರೂ ಅಲ್ಲ. 'ಸ್ತ್ರೀ' ಪಿಕ್ಚರ್‌ನವನು."

"ಅವನು ಯಾವನೋ?"

"ಗುರ್‌ಗಾಂವ್‌ನ ರಾಜ್‌ಕುಮಾರ್ ಯಾದವ್. ಈಗ ರಾವ್. ಇಂಗ್ಲಿಷಿನಲ್ಲಿ ಹೆಸರಿಗೆ ಒಂದು 'ಎಂ' ಜಾಸ್ತಿ ಸೇರಿಸಿಕೊಂಡಿದ್ದಾನೆ. ಅದು ಬಿಟ್ಟು ಡೈರೆಕ್ಟರುಗಳು ಬೇರೆ ಇದ್ದಾರೆ, ರಾಜ್‌ಕುಮಾರ್ ಸಂತೋಷಿ, ರಾಜ್‌ಕುಮಾರ್ ಹಿರಾನಿ."

"ಅವನದ್ದು ಫೋರ್ತ್ ಸೀಟು" ಅಂದರು ಶೆಟ್ರು. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಜನರ ಸೀಟಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಕೂರುವ ನಾಲ್ಕನೆಯವನು. "ಒಂದು 'ಎಂ' ಜಾಸ್ತಿ ಹಾಕಿಕೊಂಡು 'ಥೋಡಾ ಸರ್ಕೋ' ಅಂತಿದ್ದಾನೆ. ಕೂತುಕೊಳ್ಳಲಿ ಪಾಪ."

ನನಗನ್ನಿಸಿದ್ದು ಇಷ್ಟು. ಮೈಸೂರಿನಲ್ಲಿ ನಿಂತು ರಾಜ್‌ಕುಮಾರ್ ಅಂದರೆ ಯಾರು ಅಂತ ಯಾರೂ ಕೇಳಲ್ಲ. ಬಾಂದ್ರಾದಲ್ಲಿ ಅಂದರೆ ಕೇಳುತ್ತಾರೆ. ಹೆಸರಿನ ಮಾಲೀಕ ಯಾರು ಅನ್ನುವುದು ನೀವು ಯಾವ ಸ್ಟೇಷನ್ನಿನಲ್ಲಿ ಹತ್ತಿದವರು ಅನ್ನುವುದರ ಮೇಲೆ ಹೋಗುತ್ತದೆ. ಇದನ್ನು ಹೇಳಿದೆ. ಶೆಟ್ರಿಗೆ ಹಿಡಿಸಲಿಲ್ಲ. "ಹಾಗೆಲ್ಲ ಇಲ್ಲ. ರೂಲ್ ಅಂದರೆ ರೂಲ್. ದೊಡ್ಡ ದೊಡ್ಡವರೇ ಪಾಲಿಸಿದ್ದಾರೆ. ರಜನೀಕಾಂತ್ ಹೆಸರು ಏನಿತ್ತು?"

"ಶಿವಾಜಿ ರಾವ್ ಗಾಯಕ್ವಾಡ್" ಅಂದೆವು ಒಟ್ಟಿಗೆ. ಬೆಂಗಳೂರಿನ ಬಸ್ ಕಂಡಕ್ಟರ್ ಕಥೆ ಯಾರಿಗೆ ಗೊತ್ತಿಲ್ಲ?

"ಹಾಂ. 1975ರಲ್ಲಿ ಮೊದಲ ಪಿಕ್ಚರ್‌ಗೆ ಬಾಲಚಂದರ್ ಆ ಹೆಸರು ತೆಗೆಸಿದರಾ ಇಲ್ಲವಾ? ಯಾಕೆ? ಶಿವಾಜಿ ಗಣೇಶನ್ ಮೊದಲೇ ಕರ್ಚೀಫ್ ಹಾಕಿ ಕೂತಿದ್ದರು. ಅಷ್ಟೇ ವಿಷಯ."

ಸರೋಜಕ್ಕ ಇಡ್ಲಿ ಮುರಿಯುತ್ತಾ ನಕ್ಕರು. "ಶೆಟ್ರೇ, ಗಣೇಶನ್‌ಗೆ ಆ ಹೆಸರು ಬಂದದ್ದು ಹೇಗೆ? ಅಣ್ಣಾದುರೈ ಬರೆದ ನಾಟಕದಲ್ಲಿ ಶಿವಾಜಿ ಮಹಾರಾಜರ ಪಾತ್ರ ಮಾಡಿದ್ದರು. ಅದನ್ನು ನೋಡಿ ಪೆರಿಯಾರ್ ಕೊಟ್ಟ ಹೆಸರು ಶಿವಾಜಿ. ಅಂದರೆ ಮರಾಠಿ ಮನೆಯಲ್ಲಿ ಹುಟ್ಟಿ, ಅಪ್ಪ ಅಮ್ಮ ಇಟ್ಟ ಹೆಸರು ಶಿವಾಜಿ ಅಂತ ಇದ್ದವನು ಎದ್ದು ನಿಂತ. ನಾಟಕದ ವೇಷದಲ್ಲಿ ಬಂದ ತಮಿಳಿನವರು ಕೂತುಕೊಂಡರು. ಇದು ನಿಮ್ಮ ನ್ಯಾಯವಾ?"

"ಹೌದು. ವೇಷ ಆದರೇನು, ಮೊದಲು ಬಂದರಲ್ಲ!"

"ಮೊದಲು ಬಂದದ್ದು ಶಿವಾಜಿ ಮಹಾರಾಜರು."

"ಅವರನ್ನು ಇದಕ್ಕೆ ತರಬೇಡಿ" ಅಂತ ದೇಶಪಾಂಡೆ ಸರ್ ದನಿ ತಗ್ಗಿಸಿದರು. "ಮುಂಬೈಯಲ್ಲಿ ಕೂತಿದ್ದೇವೆ."

ಮುಂಬೈಯಲ್ಲಿ ಆ ಹೆಸರಿನದೇ ಬೇರೆ ಪಜೀತಿ. ರೈಲ್ವೆ ಟರ್ಮಿನಸ್‌ಗೂ ಅದೇ, ವಿಮಾನ ನಿಲ್ದಾಣಕ್ಕೂ ಅದೇ, ಮ್ಯೂಸಿಯಂಗೂ ಅದೇ. ಊರಿಂದ ಬಂದಿದ್ದ ನಮ್ಮ ಭಾವ ಟ್ಯಾಕ್ಸಿಯವನಿಗೆ ಬರೀ "ಛತ್ರಪತಿ ಶಿವಾಜಿ ಮಹಾರಾಜ್" ಅಂತ ಭಕ್ತಿಯಿಂದ ಹೇಳಿ ಕಣ್ಣು ಮುಚ್ಚಿದರು. ಬೆಂಗಳೂರು ವಿಮಾನ ಹಿಡಿಯಬೇಕಿದ್ದವರು ಕಣ್ಣು ಬಿಟ್ಟಾಗ ಎದುರಿಗೆ ಸಿಂಹದ ಶಿಲ್ಪ, ಗೋಪುರ, ಲೋಕಲ್ ಟ್ರೈನು. ಆ ಟಿಕೆಟ್ ದುಡ್ಡಿನ ಬಗ್ಗೆ ಅಕ್ಕನ ಮನೆಯಲ್ಲಿ ಈಗಲೂ ಮಾತಾಡುವ ಹಾಗಿಲ್ಲ.

ಕಂಡಕ್ಟರ್ ಮಾತು ಬಂತಲ್ಲ, ಅಲ್ಲಿಂದ ಇನ್ನೊಬ್ಬ ಕಂಡಕ್ಟರ್ ಕಡೆ ಹೋಯಿತು. ಮುಂಬೈಯ ನಮ್ಮ 'ಬೆಸ್ಟ್' ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಬದ್ರುದ್ದೀನ್ ಕಾಜಿ, ಮುಂದೆ ಹಿಂದಿ ಸಿನಿಮಾದ ಹಾಸ್ಯನಟ. ಅವರಿಗೆ ಜಾನಿ ವಾಕರ್ ಅಂತ ಹೆಸರಿಟ್ಟವರು ಗುರುದತ್. ವಿಸ್ಕಿ ಬಾಟಲಿ ಮೇಲಿನ ಹೆಸರು. ಸ್ಕಾಟ್ಲೆಂಡಿನ ದಿನಸಿ ಅಂಗಡಿಯವನು ಜಾನ್ ವಾಕರ್. ಅವನು ಅಂಗಡಿ ಇಟ್ಟದ್ದು 1820ರಲ್ಲಿ. ತೆರೆ ಮೇಲೆ ಅಷ್ಟು ಚೆನ್ನಾಗಿ ತೂರಾಡುತ್ತಿದ್ದ ನಮ್ಮ ಜಾನಿ ವಾಕರ್ ಕುಡಿಯುತ್ತಲೇ ಇರಲಿಲ್ಲವಂತೆ. ಹೆಸರಿಟ್ಟ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಇಟ್ಟ ಹೆಸರು ವಸಂತಕುಮಾರ ಪಡುಕೋಣೆ.

"ಪಡುಕೋಣೆ ನಮ್ಮ ಕುಂದಾಪುರದ ಹತ್ತಿರ!" ಎಂದು ಶೆಟ್ರು ಅವತ್ತು ಮೊದಲ ಸಲ ನಕ್ಕರು. "ಪ್ರಕಾಶ್ ಪಡುಕೋಣೆ, ದೀಪಿಕಾ ಪಡುಕೋಣೆ, ಗುರುದತ್. ಒಂದು ಸಣ್ಣ ಊರು ಎಷ್ಟು ಜನಕ್ಕೆ ಸೀಟು ಕೊಟ್ಟಿದೆ ನೋಡಿ."

"ಗುರುದತ್ ಅಂದರೆ ಬಂಗಾಳಿ ಅಂತ ನಮ್ಮ ಸೊಸೈಟಿಯಲ್ಲಿ ಎಲ್ಲರೂ ತಿಳಿದಿದ್ದಾರೆ" ಅಂದ ಕಿರಣ. ಸೊಸೈಟಿ ಅನ್ನುವ ಮಾತು ಕೇಳಿದ್ದೇ ಶೆಟ್ರ ನಗು ಹಾರಿಹೋಯಿತು. ಕಾಫಿ ಹೇಳಿದರು.

ಕಿರಣ ಅಪರಾಧಿಯಾಗಿ ಬಂದಿದ್ದನಲ್ಲ, ಶೆಟ್ರ ಪಕ್ಷ ಹಿಡಿದರೆ ಬಚಾವಾಗಬಹುದು ಅಂತ ಲೆಕ್ಕ ಹಾಕಿದ. "ಅಂಕಲ್ ರೂಲ್ ಅಮೆರಿಕದಲ್ಲಿ ನಿಜವಾಗಿಯೂ ಇದೆ" ಅಂದ. "ಅಲ್ಲಿ ನಟರ ಸಂಘದಲ್ಲಿ ಒಬ್ಬರು ಬಳಸುತ್ತಿರೋ ಹೆಸರನ್ನು ಇನ್ನೊಬ್ಬರಿಗೆ ಕೊಡ್ತಿರಲಿಲ್ಲ. ಬ್ಯಾಟ್‌ಮ್ಯಾನ್ ಮಾಡಿದ ಮೈಕೆಲ್ ಕೀಟನ್ ಇದ್ದಾರಲ್ಲ, ಅವರ ನಿಜ ಹೆಸರು ಮೈಕೆಲ್ ಡಗ್ಲಸ್. ಆ ಹೆಸರು ಬೇರೆಯವರ ಹತ್ತಿರ ಇತ್ತು. ಅದಕ್ಕೇ ಕೀಟನ್ ಆದರು."

"ಕೇಳಿದಿರಾ?" ಶೆಟ್ರು ಮೇಜು ಕುಟ್ಟಿದರು. "ಸಂಘ ಅಂದರೆ ಹಾಗಿರಬೇಕು."

"ತಮಾಷೆ ಏನಂದ್ರೆ, ಹೆಸರು ಹಿಡಿದುಕೊಂಡಿದ್ದ ಆ ಮೈಕೆಲ್ ಡಗ್ಲಸ್ ಅವರ ಅಪ್ಪ ಕರ್ಕ್ ಡಗ್ಲಸ್. ಕರ್ಕ್ ಅವರದ್ದೂ ಹುಟ್ಟಿದ ಹೆಸರಲ್ಲ. ಅವರು ಇಸುರ್ ಡೇನಿಯಲೊವಿಚ್."

"ಅಂದರೆ ಡಗ್ಲಸ್ ಆಗಿ ಹುಟ್ಟಿದವನು ಕೀಟನ್ ಆದ. ಡೇನಿಯಲೊವಿಚ್ ಮಗ ಡಗ್ಲಸ್ ಆಗಿ ಉಳಿದ" ಅಂದರು ದೇಶಪಾಂಡೆ ಸರ್. "ಇದರಲ್ಲಿ ನನಗೆ ದಾಖಲೆ ಸರಿ ಕಾಣುವುದಿಲ್ಲ."

ಆಮೇಲೆ ಅವರೇ ಚರ್ಚಿಲ್ ಕಥೆ ತೆಗೆದರು. ಇದು ಅವರ ಪ್ರೀತಿಯ ಕಥೆ. ಯಾವ ವಿಷಯ ಮಾತಾಡಿದರೂ ಒಮ್ಮೆ ಇಲ್ಲಿಗೆ ಬರುತ್ತಾರೆ. ಅವತ್ತು ಮಾತ್ರ ಅದು ತಾನಾಗಿಯೇ ಸರಿಯಾದ ಜಾಗಕ್ಕೆ ಬಿತ್ತು. ವಿನ್‌ಸ್ಟನ್ ಚರ್ಚಿಲ್ ಅಂತ ಇಬ್ಬರಿದ್ದರು. ಒಬ್ಬರು ನಮಗೆಲ್ಲ ಗೊತ್ತಿರುವ ಬ್ರಿಟನ್ನಿನ ಪ್ರಧಾನಿ. ಇನ್ನೊಬ್ಬರು ಅಮೆರಿಕದ ಕಾದಂಬರಿಕಾರ. ಕಾದಂಬರಿಕಾರರು 1871ರಲ್ಲಿ ಹುಟ್ಟಿದವರು, ಪ್ರಧಾನಿ 1874ರಲ್ಲಿ. 1899ರ ಹೊತ್ತಿಗೆ ಅಮೆರಿಕದವರ ಪುಸ್ತಕ ಭರ್ಜರಿ ಮಾರಾಟ. ಬ್ರಿಟನ್ನಿನವರಿಗೆ ಅವರ ಪುಸ್ತಕದ ಅಭಿನಂದನೆ ಬರತೊಡಗಿತು. ಕೊನೆಗೆ ಬ್ರಿಟನ್ನಿನವರು ಅಮೆರಿಕದವರಿಗೆ ಬಹಳ ವಿನಯದಿಂದ ಪತ್ರ ಬರೆದರು. ಇನ್ನು ಮುಂದೆ ನಾನು ನಡುವೆ ಸ್ಪೆನ್ಸರ್ ಅಂತ ಸೇರಿಸಿ ಬರೆಯುತ್ತೇನೆ, ಗೊಂದಲ ಬೇಡ ಅಂತ. ಅಮೆರಿಕದವರೂ ಅಷ್ಟೇ ವಿನಯದಿಂದ ಉತ್ತರ ಕೊಟ್ಟರು. ನನಗೂ ನಡುವೆ ಒಂದು ಹೆಸರು ಇದ್ದಿದ್ದರೆ ಸೇರಿಸಿಕೊಳ್ಳುತ್ತಿದ್ದೆ, ಇಲ್ಲವಲ್ಲ ಅಂತ. ಮುಂದೆ ಇಬ್ಬರೂ 1900ರಲ್ಲಿ ಬಾಸ್ಟನ್‌ನಲ್ಲಿ ಭೇಟಿಯೂ ಆದರು.

"ಮರ್ಯಾದಸ್ಥರು" ಅಂದರು ಶೆಟ್ರು. "ಎರಡನೆಯವನು ತಾನಾಗಿ ಸರಿದ."

"ಸರಿದು ಏನಾಯ್ತು? ಈಗ ನಡುವಿನ ಸ್ಪೆನ್ಸರ್ ಇಲ್ಲದೆಯೇ ಚರ್ಚಿಲ್ ಅಂದರೆ ಅವರೇ. ಮೊದಲು ಕೂತ ಕಾದಂಬರಿಕಾರರು ಎಲ್ಲಿದ್ದಾರೆ? ಕ್ವಿಜ್ ಮಾಡುವವರ ಚೀಟಿಯಲ್ಲಿ."

ಇದು ಶೆಟ್ರಿಗೆ ತಟ್ಟಿತು. ಕಾಫಿ ಆರಿಸುತ್ತಿದ್ದವರು ಲೋಟ ಡಬರಿಯಲ್ಲೇ ಬಿಟ್ಟರು. "ಅಂದರೆ, ಮೊದಲಿನಿಂದ ಇದ್ದವನು ಸುಮ್ನೆ ಕೂತರೆ ಹಿಂದಿನಿಂದ ಬಂದವನೇ ಗೆಲ್ಲಬಹುದು ಅಂತೀರಾ?"

"ಏನಾಗಿದೆ ಶೆಟ್ರೇ ನಿಮಗೆ?" ಅಂತ ಸರೋಜಕ್ಕ ಕೇಳಿದರು. ಅವರು ಉತ್ತರ ಕೊಡಲಿಲ್ಲ.

ಕರ್ಚೀಫ್ ರೂಲನ್ನು ಕೊನೆಗೆ ಮುಗಿಸಿದ್ದು ವಿಷ್ಣುವರ್ಧನ್. ನಾನೇ ಆ ಹೆಸರು ಎತ್ತಿದೆ. ಸಂಪತ್ ಕುಮಾರ್ ಅನ್ನುವ ಹುಡುಗನಿಗೆ 1972ರಲ್ಲಿ 'ನಾಗರಹಾವು' ಮಾಡುವಾಗ ಪುಟ್ಟಣ್ಣ ಕಣಗಾಲ್ ಆ ಹೆಸರಿಟ್ಟರು. ಆದರೆ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲೇ ಬೇಲೂರಿನಲ್ಲಿ ದೇವಸ್ಥಾನ ಕಟ್ಟಿಸಿ ಕೂತಿದ್ದಾನೆ. ಎಂಟು ನೂರು ವರ್ಷ ಮೀರಿದ ಕರ್ಚೀಫು.

"ದೊರೆ ತಕರಾರು ಮಾಡಲಿಲ್ಲ" ಅಂದ ಕಿರಣ.

"ಮಾಡೋ ಹಾಗೂ ಇರಲಿಲ್ಲ" ಅಂದರು ಸರೋಜಕ್ಕ. "ಅವನೂ ಬಿಟ್ಟಿದೇವ ಅಂತ ಇದ್ದವನು. ಆಮೇಲೆ ವಿಷ್ಣುವರ್ಧನ ಆದದ್ದು. ಅವನಿಗಿಂತ ಎಷ್ಟೋ ಶತಮಾನ ಮೊದಲು, ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ವೆಂಗಿಯಲ್ಲಿ ಆಳುತ್ತಿದ್ದ. ಕೇಸು ಹಾಕುವುದಾದರೆ ಅವನು ಹಾಕಬೇಕು."

ಬಿಟ್ಟಿದೇವ ಹೆಸರು ಬದಲಿಸಿದ, ಸಂಪತ್ ಕುಮಾರ್ ಹೆಸರು ಬದಲಿಸಿದರು, ಇಬ್ಬರೂ ಬಂದು ಒಂದೇ ಹೆಸರಿನಲ್ಲಿ ಕೂತರು. ಸಾಹಸಸಿಂಹ ಅಂದರೆ ಒಬ್ಬರು, ಬೇಲೂರು ಅಂದರೆ ಇನ್ನೊಬ್ಬರು. ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಶೆಟ್ರು ಒಂದು ದೊಡ್ಡ ಉಸಿರು ಬಿಟ್ಟು, "ಸರಿ, ರೂಲ್ ಬಿಡಿ. ಒಂದೇ ಹೆಸರಿನ ಇಬ್ಬರು ಎದುರಾದರೆ ಜನ ಗುರುತು ಹಿಡಿಯೋದು ಹೇಗೆ? ಅದಕ್ಕೆ ಉಪಾಯ ಹೇಳಿ" ಅಂದರು.

"ಊರಿನ ಹೆಸರು" ಅಂದರು ಸರೋಜಕ್ಕ ಥಟ್ಟನೆ. "ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ. ಇಬ್ಬರೂ ರಾಣಿಯರು, ಇಬ್ಬರೂ ಕುದುರೆ ಏರಿದವರು, ಇಬ್ಬರಿಗೂ ಯುದ್ಧ. ಊರು ಸೇರಿಸದಿದ್ದರೆ ನಾನು ಪರೀಕ್ಷೆ ಪೇಪರ್ ತಿದ್ದುವ ಹಾಗೇ ಇರಲಿಲ್ಲ." ಕೆಳದಿ ಚೆನ್ನಮ್ಮ 17ನೇ ಶತಮಾನದವಳು. ಸಂಭಾಜಿಯನ್ನು ಕೊಲ್ಲಿಸಿದ ಮೇಲೆ ಔರಂಗಜೇಬ ರಾಜಾರಾಮನ ಬೆನ್ನು ಹತ್ತಿದ್ದ. 1689ರಲ್ಲಿ ಅವನು ಜಿಂಜಿ ಕಡೆ ತಪ್ಪಿಸಿಕೊಂಡು ಹೋಗುವಾಗ ದಾರಿಯಲ್ಲಿ ಆಸರೆ ಕೊಟ್ಟವಳು ಇವಳು. ಕಿತ್ತೂರು ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿದ್ದು 1824ರಲ್ಲಿ. "ಊರು ಸೇರಿಸಿದರೂ ಒಬ್ಬ ಹುಡುಗ ಕಿತ್ತೂರು ಚೆನ್ನಮ್ಮ ಔರಂಗಜೇಬನನ್ನು ಧಾರವಾಡಕ್ಕೆ ಅಟ್ಟಿದಳು ಅಂತ ಬರೆದಿದ್ದ. ಧೈರ್ಯಕ್ಕೆ ಅರ್ಧ ಮಾರ್ಕು ಕೊಟ್ಟೆ."

"ಅಟ್ಟಿದ್ದರೆ ನಾವು ನೋಡಿಕೊಳ್ಳುತ್ತಿದ್ದೆವು" ಅಂದರು ಧಾರವಾಡದ ದೇಶಪಾಂಡೆ. ನಂತರ ಬಗ್ಗಿ, ಬಹಳ ಗುಟ್ಟಾಗಿ, "ಕಿತ್ತೂರಿನಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಯ ಹೆಸರು ಗೊತ್ತಲ್ಲ? ಥ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಅದೇ ಮನೆತನದವನು. ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಇಲ್ಲಿಯ..."

"ಸಾಂಬಾರ್ ಬೇಕಾ ಸರ್?" ಅಂತ ಸರೋಜಕ್ಕ ಜೋರಾಗಿ ಕೇಳಿದರು. ಮಾಟುಂಗಾದಿಂದ ಶಿವಸೇನಾ ಭವನ ಇರುವ ದಾದರ್ ಒಂದೇ ಸ್ಟೇಷನ್ ದೂರ. ದೇಶಪಾಂಡೆ ಸರ್ ಸಾಂಬಾರ್ ಹಾಕಿಸಿಕೊಂಡರು.

ಶೆಟ್ರು ಬಿಡಲಿಲ್ಲ. "ಇಬ್ಬರೂ ಒಂದೇ ಊರಿನವರಾದರೆ?"

"ಸೈಜು" ಅಂದ ಕಿರಣ. ಅವನಿಗೆ ಫುಟ್‌ಬಾಲ್ ಹುಚ್ಚು. ಬ್ರೆಜಿಲ್‌ನಲ್ಲಿ ಒಂದೇ ತಂಡದಲ್ಲಿ ರೊನಾಲ್ಡೊಗಳು ಜಾಸ್ತಿಯಾದರೆ ಕಿರಿಯವನನ್ನು ರೊನಾಲ್ಡಿನೊ, ಅಂದರೆ ಪುಟ್ಟ ರೊನಾಲ್ಡೊ ಅಂತ ಮಾಡುತ್ತಾರಂತೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಮಗೆ ಗೊತ್ತಿರುವ ದೊಡ್ಡ ರೊನಾಲ್ಡೊನೇ ಬೆನ್ನ ಮೇಲೆ ರೊನಾಲ್ಡಿನೊ ಅಂತ ಹಾಕಿಕೊಂಡು ಆಡಿದ, ಯಾಕಂದರೆ ಅವನಿಗಿಂತ ಹಿರಿಯ ರೊನಾಲ್ಡೊ ಒಬ್ಬ ತಂಡದಲ್ಲಿದ್ದ. ಕೆಲವು ವರ್ಷದ ಮೇಲೆ ಇನ್ನೂ ಚಿಕ್ಕ ರೊನಾಲ್ಡೊ ಒಬ್ಬ ಬಂದ. ಇವನು ಪುಟ್ಟ ಪಟ್ಟ ಅವನಿಗೆ ಕೊಟ್ಟು ತಾನು ರ‍್ಯಾಂಕ್ ಮೇಲೆ ಹೋದ. 2002ರಲ್ಲಿ ಇಬ್ಬರೂ ಸೇರಿ ವಿಶ್ವಕಪ್ ಗೆದ್ದರು. ಪೋರ್ಚುಗಲ್‌ನ ಕ್ರಿಸ್ಟಿಯಾನೊ ಬೇರೆ ಲೈನಿನವನು. ಅವನ ಅಪ್ಪ ಹೆಸರಿಟ್ಟದ್ದು ಅಮೆರಿಕದ ರೊನಾಲ್ಡ್ ರೇಗನ್ ನೋಡಿ.

"ಇಬ್ಬರೂ ಒಂದೇ ವಯಸ್ಸಿನವರಾದರೆ?"

ಈಗ ನಾವೆಲ್ಲ ಶೆಟ್ರ ಮುಖ ನೋಡತೊಡಗಿದೆವು. ಒಂದೇ ಹೆಸರು, ಒಂದೇ ಊರು, ಒಂದೇ ವಯಸ್ಸು. ಇದು ರಾಜ್‌ಕುಮಾರ್ ವಿಷಯ ಅಲ್ಲ.

"ಕಸುಬು ನೋಡಬಹುದು" ಎಂದೆ. ಹೇಳಿದ ಮೇಲೆ ನನಗೇ ಅನುಮಾನ ಬಂತು. ಶಿವರಾಮ ಕಾರಂತರು 'ಚೋಮನ ದುಡಿ' ಬರೆದರು, ಬಿ.ವಿ. ಕಾರಂತರು ಅದನ್ನೇ ಪಿಕ್ಚರ್ ಮಾಡಿದರು. ಕಾರಂತರ 'ಚೋಮನ ದುಡಿ' ಅಂದರೆ ಯಾವುದು ಅಂತ ಹೇಳಲು ಎರಡು ವಾಕ್ಯ ಬೇಕು. ಅದೂ ಸಾಲದು ಅಂತ ಶಿವರಾಮ ಕಾರಂತರು ಮೂಕಿ ಕಾಲದಲ್ಲೇ ಸಿನಿಮಾ ಮಾಡಿದ್ದವರು.

"ಕಸುಬೂ ಒಂದೇ" ಅಂದರು ಶೆಟ್ರು ಸಣ್ಣ ದನಿಯಲ್ಲಿ. "ಹೋಟೆಲ್."

ದೇಶಪಾಂಡೆ ಸರ್ ಕನ್ನಡಕ ಸರಿ ಮಾಡಿಕೊಂಡರು. "ಇದು ಎಲೆಕ್ಷನ್ ವಿಷಯ ಅನ್ನಿಸ್ತದೆ." ಬ್ಯಾಂಕಿನವರಿಗೆ ವಾಸನೆ ಬೇಗ ಬಡಿಯುತ್ತದೆ. "ಎಲೆಕ್ಷನ್‌ನಲ್ಲಿ ಇದು ಹಳೆಯ ಆಟರೀ. 2019ರಲ್ಲಿ ಮಂಡ್ಯದಲ್ಲಿ ಅಂಬರೀಶ್ ಅವರ ಹೆಂಡತಿ ಸುಮಲತಾ ನಿಂತಾಗ, ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು."

"ನಮ್ಮಜ್ಜಿ ಊರು!" ಅಂದ ಕಿರಣ. "ಅಜ್ಜಿಗೆ ಮನೆಯಲ್ಲಿ ಎಲ್ಲರೂ ಪಾಠ ಮಾಡಿದ್ದೇ ಮಾಡಿದ್ದು. ಹೆಸರು ನೋಡಬೇಡ, ಕಹಳೆ ಊದುವ ರೈತನ ಗುರುತು ನೋಡು ಅಂತ. ಅಜ್ಜಿ ಎಲ್ಲರಿಗೂ ಬೈದು, ನನಗೆ ಅಂಬರೀಶನ ಹೆಂಡತಿ ಮುಖ ಗೊತ್ತಿಲ್ಲವಾ ಅಂತ ಹೋದರು."

"ಸರಿಯಾಗೇ ಹೇಳಿದರು. ಸುಮಲತಾ ಒಂದೂಕಾಲು ಲಕ್ಷ ಮತದಲ್ಲಿ ಗೆದ್ದರು. ಹೋದ ಲೋಕಸಭೆಯಲ್ಲಿ, 2024ರಲ್ಲಿ, ತಮಿಳುನಾಡಿನ ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಪನ್ನೀರ್‌ಸೆಲ್ವಂ ಎದುರು ಇನ್ನೂ ಐವರು ಪನ್ನೀರ್‌ಸೆಲ್ವಂ ನಿಂತಿದ್ದರು, ಇನಿಷಿಯಲ್ ಸಮೇತ. ಅವರು ಸೋತರು. ಈ ಕಾಟಕ್ಕೇ ಚುನಾವಣಾ ಆಯೋಗ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಗಳ ಫೋಟೋ ಹಾಕಿಸ್ತಿದೆ. ಈಗ ಹೇಳಿ ಶೆಟ್ರೇ, ಎಲ್ಲಿ ನಿಂತಿದ್ದೀರಿ?"

ಶೆಟ್ರು ಸೋತರು. ಅವರ ಬಿಲ್ಡಿಂಗಿನ ಸೊಸೈಟಿ ಎಲೆಕ್ಷನ್. ಹೋಟೆಲಿಗಿಂತ ಹೆಚ್ಚು ಪ್ರೀತಿಯಿಂದ ಅವರು ಇಟ್ಟುಕೊಂಡದ್ದು ಆ ಸೆಕ್ರೆಟರಿ ಕುರ್ಚಿ. ನೀರಿನ ಟ್ಯಾಂಕರ್, ಲಿಫ್ಟ್, ಪಾರ್ಕಿಂಗ್, ಎಲ್ಲದಕ್ಕೂ ಅವರೇ. ಹೋದ ವರ್ಷ ಎರಡನೇ ಮಹಡಿಗೆ ಹೊಸಬರು ಬಂದಿದ್ದಾರೆ. ಅವರೂ ಶೆಟ್ಟಿ. ಮುಂದಿನ ಹೆಸರೂ ಅದೇ, ಇನಿಷಿಯಲ್ಲೂ ಅದೇ, ಕಾರ್ಕಳವೂ ಅದೇ. ಅವರೂ ಈಗ ಫಾರ್ಮ್ ತುಂಬಿದ್ದಾರೆ. ಬಿಲ್ಡಿಂಗಿನ ಗುಜರಾತಿ ಅಜ್ಜಿಯರು ಮೆಟ್ಟಿಲ ಮೇಲೆ ಸಿಕ್ಕಾಗ "ಶೆಟ್ಟಿ ಭಾಯಿಗೇ ವೋಟು" ಅಂತಾರೆ. ಯಾವ ಶೆಟ್ಟಿ ಭಾಯಿ ಅಂತ ಕೇಳಲು ಇವರಿಗೆ ಧೈರ್ಯ ಇಲ್ಲ.

"ಇಷ್ಟೇನಾ?" ಅಂದರು ಸರೋಜಕ್ಕ. "ಸರ್ ಹೇಳಿದರಲ್ಲ. ಬ್ಯಾಲೆಟ್ ಪೇಪರ್ ಮೇಲೆ ಫೋಟೋ ಹಾಕಿಸಿ."

ಶೆಟ್ರು ಜೇಬಿನಿಂದ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ಬಿಲ್ಡಿಂಗಿನ ಗಣಪತಿ ಉತ್ಸವದ ಫೋಟೋ. ಎರಡನೇ ಮಹಡಿಯ ಶೆಟ್ಟಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ತಲೆ ತುಂಬ ಕಪ್ಪು ಕೂದಲು, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ರೇಷ್ಮೆ ಕುರ್ತಾ, ಟೂತ್‌ಪೇಸ್ಟ್ ಜಾಹೀರಾತಿನ ನಗು. ಹಿಂದುಗಡೆ, ಟ್ಯೂಬ್‌ಲೈಟ್ ಕೆಳಗೆ, ನಮ್ಮ ಶೆಟ್ರ ಬೋಳು ತಲೆ ಮಾತ್ರ ಹೊಳೆಯುತ್ತಿತ್ತು.

"ಫೋಟೋ ಹಾಕಿಸಿದರೆ, ಮಾರಾಯ್ರೇ, ನಾನೇ ಅವನಿಗೆ ವೋಟು ಹಾಕಿ ಬರ್ತೇನೆ" ಅಂದರು.